ಯೋಧ ಮತ್ತು ಗೃಹಸ್ಥ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಸ್ಮರಣೆ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಸಾಗರದಲ್ಲಿ ಸೇರಿದ್ದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಾಜಿ ಸೈನಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ದಿನ ಮಾತನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ಅಪ್ಪಣೆ ಮಾಡಿದಾಗ ನಾವು ಮೊದಲು ಹಿಂಜರಿದೆವು. ಬಂದೂಕು ಹಿಡಿದವರ ಮುಂದೆ ಬಳಪ ಹಿಡಿದವರು ಆಡುವ ಮಾತಿಗೆ ಏನು ಬೆಲೆ? ಆದರೂ ಒಪ್ಪಿಕೊಂಡೆವು. ನಾವು ಸೈನಿಕರಲ್ಲದಿದ್ದರೂ ಸೈನಿಕರ ಮನೆಯಲ್ಲಿ ಬೆಳೆದವರು. ಆ ಮನೆಯ ವಿಷಯವಾಗಿ ಎರಡು ಮಾತು ಹೇಳುವ ಅಧಿಕಾರ ನಮಗೂ ಇದೆಯೆಂದು ಭಾವಿಸಿದೆವು.

ಯಾರ ಸ್ಮರಣೆ ಮಾಡಬೇಕೆಂಬ ಪ್ರಶ್ನೆ ಬಂದಾಗ ನಾವು ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಹೆಸರನ್ನು ಹೇಳಿದೆವು. ಹಿರಿಯರೊಬ್ಬರು, 'ಅವರು ನಮ್ಮ ಧರ್ಮದವರಲ್ಲ, ನಮ್ಮ ಜಿಲ್ಲೆಯವರೂ ಅಲ್ಲ. ದೇವಾಲಯದ ಹಬ್ಬದಲ್ಲಿ ಅವರ ಮಾತೇಕೆ?' ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಆದರೆ ಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ, ನಮ್ಮ ಅಯೋಗ್ಯತೆಯನ್ನು ಒಪ್ಪಿಕೊಂಡು ನಾವೆಲ್ಲರೂ ಹೇಳುವ ಮಾತು ಮೊಟ್ಟಮೊದಲು ಯಾರ ಬಾಯಿಂದ ಬಂದದ್ದು? ಕಪೆರ್ನೌಮಿನ ಶತಾಧಿಪತಿಯ ಬಾಯಿಂದ. ಆತ ರೋಮ್ ಸೈನ್ಯದವನು, ಅನ್ಯಧರ್ಮದವನು. ಅವನು ಪ್ರಭುವಿನ ಬಳಿಗೆ ಬಂದದ್ದು ಜಯವನ್ನು ಬೇಡಲಿಕ್ಕಲ್ಲ, ಪದವಿಯನ್ನು ಬೇಡಲಿಕ್ಕೂ ಅಲ್ಲ. ಮನೆಯಲ್ಲಿ ಸೇವಕನೊಬ್ಬ ಹಾಸಿಗೆ ಹಿಡಿದಿದ್ದಾನೆ ಎಂದು ಹೇಳಲು ಬಂದ. ನೂರು ಜನ ಸೈನಿಕರಿಗೆ ಆಜ್ಞೆ ಮಾಡುವವನಿಗೂ ಮನೆಯ ಚಿಂತೆ ತಪ್ಪಿದ್ದಲ್ಲ. ಇಂದಿನ ನಮ್ಮ ವಿಷಯವೂ ಅದೇ.

ಕಾರ್ಯಪ್ಪನವರು ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಕಾಲದಲ್ಲಿ, ಜನವರಿ ತಿಂಗಳ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದರು. ತಂದೆ ಮಾದಪ್ಪನವರು ರೆವಿನ್ಯೂ ಇಲಾಖೆಯಲ್ಲಿದ್ದವರು. ಮನೆಯವರು ಬಾಲಕನನ್ನು ಚಿಮ್ಮ ಎಂದು ಕರೆಯುತ್ತಿದ್ದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಮೊದಲನೆಯ ಮಹಾಯುದ್ಧ ಮುಗಿಯುವ ವೇಳೆಗೆ, ಭಾರತೀಯರಿಗೂ ಸೈನ್ಯದಲ್ಲಿ ರಾಜನ ಕಮಿಷನ್ ಕೊಡಬೇಕೆಂಬ ಕೂಗಿಗೆ ಬ್ರಿಟಿಷ್ ಸರ್ಕಾರ ಕಿವಿಗೊಟ್ಟಿತು. ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಕಾರ್ಯಪ್ಪನವರಿದ್ದರು. 1919ರ ಡಿಸೆಂಬರಿನಲ್ಲಿ ಅಧಿಕಾರಿಯಾಗಿ ಸೇನೆಯನ್ನು ಸೇರಿದರು. ಮುಂದಿನ ವರ್ಷವೇ ಮೆಸೊಪೊಟೇಮಿಯಕ್ಕೆ ಹೋದರು. 1923ರಲ್ಲಿ ರಜಪೂತ ರೆಜಿಮೆಂಟನ್ನು ಸೇರಿ, ಅದನ್ನೇ ತಮ್ಮ ತವರೆಂದು ಕೊನೆಯವರೆಗೂ ಎಣಿಸಿದರು.

ಆಮೇಲಿನ ಮೂವತ್ತು ವರ್ಷಗಳ ಕಥೆಯಲ್ಲಿ 'ಮೊದಲನೆಯವರು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ಪಡೆದ ಮೊದಲ ಭಾರತೀಯ. 1947ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿಗೆ ಆಯ್ಕೆಯಾದ ಮೊದಲ ಇಬ್ಬರು ಭಾರತೀಯರಲ್ಲಿ ಒಬ್ಬರು. 1948ರಲ್ಲಿ ಕಾಶ್ಮೀರದ ಕದನ ನಡೆಯುತ್ತಿದ್ದಾಗ ಪಶ್ಚಿಮ ವಿಭಾಗದ ಸೇನಾಧಿಪತ್ಯ ಇವರದಾಗಿತ್ತು. ಆ ವರ್ಷ ನವೆಂಬರಿನಲ್ಲಿ ಜೋಜಿಲಾ ಕಣಿವೆಯಲ್ಲಿ, ಹಿಮದ ನಡುವೆ, ಯಾರೂ ನಿರೀಕ್ಷಿಸದಿದ್ದ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿ ಲೇಹ್‌ನ ದಾರಿಯನ್ನು ತೆರೆದ ದಳವನ್ನು ನಡೆಸಿದವರು ಇನ್ನೊಬ್ಬ ಕೊಡಗಿನವರು, ತಿಮ್ಮಯ್ಯನವರು. 1949ರ ಜನವರಿ 15ರಂದು ಜನರಲ್ ರಾಯ್ ಬೂಚರ್ ಅವರಿಂದ ಕಾರ್ಯಪ್ಪನವರು ಭಾರತೀಯ ಸೇನೆಯ ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡರು. ಆ ಸ್ಥಾನದಲ್ಲಿ ಕುಳಿತ ಮೊದಲ ಭಾರತೀಯರು ಅವರೇ. ಪ್ರತಿ ವರ್ಷ ಜನವರಿ 15ನ್ನು ಸೇನಾ ದಿನವೆಂದು ಆಚರಿಸುವುದು ಇದರಿಂದಲೇ.

ಪದವಿಗೇರಿದ ಅದೇ ವರ್ಷ ಅವರು ಮಾಡಿದ ಕೆಲಸವೊಂದು ನಮ್ಮಂಥವರಿಗೆ ಮುಖ್ಯವಾದದ್ದು. ಅದುವರೆಗೆ ಪದಾತಿ ದಳಗಳು ಹೆಚ್ಚಾಗಿ ಕುಲ, ಪ್ರಾಂತಗಳ ಹೆಸರಿನಲ್ಲಿ ಕಟ್ಟಲ್ಪಟ್ಟಿದ್ದವು. ಇಂಥ ಜನಾಂಗವೇ ಯುದ್ಧಕ್ಕೆ ಯೋಗ್ಯ, ಇಂಥದು ಅಲ್ಲ ಎಂಬ ಬ್ರಿಟಿಷರ ಎಣಿಕೆ ಅದರ ಬುಡದಲ್ಲಿತ್ತು. ಕಾರ್ಯಪ್ಪನವರು ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಎಂಬ ಹೊಸ ದಳವನ್ನು ಕಟ್ಟಿ, ಅದರಲ್ಲಿ ದೇಶದ ಎಲ್ಲ ಕಡೆಯ, ಎಲ್ಲ ಮತದ ಯುವಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಅಡಿಕೆ ತೋಟದ ಕೂಲಿಯ ಮಗ, ಹೆಂಚಿನ ಕಾರ್ಖಾನೆಯ ಕೆಲಸಗಾರನ ಮಗ, ಘಟ್ಟದ ಕೆಳಗಿನಿಂದ ಹೊಟ್ಟೆಪಾಡಿಗಾಗಿ ಹತ್ತಿ ಬಂದ ಕೊಂಕಣಿ ಮನೆಯ ಹುಡುಗ, ಇಂಥವರು ಯಾವ 'ಯೋಧ ಜನಾಂಗ'ದ ಪಟ್ಟಿಯಲ್ಲೂ ಇದ್ದವರಲ್ಲ. ನಮ್ಮ ತಂದೆಯವರೂ ಇದ್ದವರಲ್ಲ.

ನಮ್ಮ ತಂದೆಯವರು 1951ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ, ಜನರು ಮದ್ರಾಸ್ ಸ್ಯಾಪರ್ಸ್ ಎನ್ನುವ ಆ ದಳಕ್ಕೆ ಸೇರಿದರು. ಹಲಸೂರು ಕೆರೆಯ ಬದಿಯಲ್ಲಿ ತರಬೇತಿ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ತೆಗೆಯುವುದು ಅವರ ಕಸುಬು. ಅವರು ಸೇರಿದಾಗ ಮಹಾದಂಡನಾಯಕರಾಗಿದ್ದವರು ಕಾರ್ಯಪ್ಪನವರು. ಸಿಪಾಯಿಗೂ ಮಹಾದಂಡನಾಯಕರಿಗೂ ಇರುವ ದೂರ ನಿಮಗೆ ಗೊತ್ತಿದೆ. ತಂದೆಯವರು ಅವರನ್ನು ಹತ್ತಿರದಿಂದ ಕಂಡವರಲ್ಲ. ಆದರೆ ವೃತ್ತಪತ್ರಿಕೆಯಿಂದ ಕತ್ತರಿಸಿದ ಅವರ ಚಿತ್ರವೊಂದು ನಮ್ಮ ಮನೆಯ ಗೋಡೆಯ ಮೇಲೆ, ಯೇಸುವಿನ ಪವಿತ್ರ ಹೃದಯದ ಪಟದಿಂದ ಒಂದು ಮೊಳ ಕೆಳಗೆ, ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಆ ಒಂದು ಮೊಳದ ಅಂತರ ತಾಯಿಯವರು ನಿಗದಿ ಮಾಡಿದ್ದು.

ಸೈನಿಕನ ಮನೆಯೆಂದರೆ ಏನೆಂಬುದನ್ನು ಇಲ್ಲಿರುವ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ವರ್ಷಕ್ಕೊಮ್ಮೆ ರಜೆ. ಉತ್ತರದಿಂದ ಮೂರು ನಾಲ್ಕು ದಿನಗಳ ಪ್ರಯಾಣ, ಬೀರೂರು ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಶಿವಮೊಗ್ಗದಿಂದ ತಾಳಗುಪ್ಪದ ಮೀಟರ್ ಗೇಜಿನ ಸಣ್ಣ ಗಾಡಿಯಲ್ಲಿ ಸಾಗರಕ್ಕೆ ಬರಬೇಕು. ಹೊಸನಗರ, ತೀರ್ಥಹಳ್ಳಿಯವರ ಪಾಡು ಇನ್ನೂ ಕಷ್ಟ, ಅಲ್ಲಿಗೆ ರೈಲಿಲ್ಲ. ಬಸ್ಸು ಸಿಕ್ಕರೆ ಬಸ್ಸು, ಮಳೆಗಾಲದಲ್ಲಿ ಅದೂ ನಿಂತರೆ ತಲೆಯ ಮೇಲೆ ಟ್ರಂಕು ಹೊತ್ತು ನಡಿಗೆ. ಬಿಳಿಯ ಬಣ್ಣದಲ್ಲಿ ಹೆಸರೂ ನಂಬರೂ ಬರೆದ ಕಪ್ಪು ಟ್ರಂಕು, ಹೋಲ್ಡಾಲ್, ಬೂಟಿನ ಸದ್ದು, ಅಂಗಳದಲ್ಲಿ ಅಪರಿಚಿತ ಗಂಡಸು. ನಮಗೆ ಬುದ್ಧಿ ತಿಳಿದ ಮೇಲೆ ತಂದೆಯವರನ್ನು ಮೊದಲು ಕಂಡ ದಿನ ನಾವು ಮಕ್ಕಳೆಲ್ಲ ಒಳಗೋಡಿ ಅಕ್ಕಿಯ ಕಣಜದ ಹಿಂದೆ ಅಡಗಿಕೊಂಡೆವು. 'ಅವರು ಯಾವಾಗ ಹೋಗುತ್ತಾರೆ?' ಎಂದು ತಾಯಿಯವರನ್ನು ಕೇಳಿದ ನೆನಪು ಇಂದಿಗೂ ನಮ್ಮನ್ನು ನಾಚಿಸುತ್ತದೆ. ತಂದೆಯವರು ಅದನ್ನು ಕೇಳಿಸಿಕೊಂಡಿದ್ದರು. ಏನೂ ಹೇಳಲಿಲ್ಲ, ಟ್ರಂಕು ತೆರೆದು ಎಲ್ಲರಿಗೂ ಒಂದೊಂದು ಪೆಪ್ಪರ್‌ಮಿಂಟಿನ ಪೊಟ್ಟಣ ಕೊಟ್ಟರು.

ತಿಂಗಳಿಗೊಮ್ಮೆ ಮನಿಯಾರ್ಡರು. ಫಾರಮಿನ ಕೆಳಗಿನ ಆ ಪುಟ್ಟ ಚೀಟಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. 'ಕ್ಷೇಮ. ಮಕ್ಕಳನ್ನು ಶಾಲೆ ಬಿಡಿಸಬೇಡ. ಸಂಜೆಯ ಜಪಸರ ತಪ್ಪಿಸಬೇಡ.' ಸಾಮಾನ್ಯವಾಗಿ ಇಷ್ಟೇ. ತಿಂಗಳ ಹಣ ತಿಂಗಳಿಗೆ ಸಾಲುತ್ತಿರಲಿಲ್ಲ. ಅಡಿಕೆಯ ಸುಗ್ಗಿಯಲ್ಲಿ ತಾಯಿಯವರು ರಾತ್ರಿ ಊಟವಾದ ಮೇಲೆ ಸಾಹುಕಾರರ ಮನೆಯ ಅಂಗಳಕ್ಕೆ ಅಡಿಕೆ ಸುಲಿಯಲು ಹೋಗುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಸುಲಿದು, ಬೆರಳೆಲ್ಲ ಕಪ್ಪಾಗಿ ಬರುತ್ತಿದ್ದರು. ಆ ಕಪ್ಪು ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಸೈನಿಕನಿಗೆ ಪದಕವುಂಟು, ಈ ಬೆರಳುಗಳಿಗೆ ಯಾರೂ ಏನನ್ನೂ ತೊಡಿಸಲಿಲ್ಲ.

ಇನ್ನು ಕೆಲವರ ಕಷ್ಟ ಬೇರೆ ಬಗೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ ಶರಾವತಿಯ ಹಿನ್ನೀರು ಏರಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು. ದೇಶದ ಗಡಿಯನ್ನು ಕಾಯಲು ಹೋದವನು ರಜೆಯಲ್ಲಿ ಬಂದು ತನ್ನ ಮನೆಯ ಗಡಿಯನ್ನೇ ನೀರಿನಲ್ಲಿ ಹುಡುಕಬೇಕಾದ ಕಾಲ ಅದು. ನಾಡಿಗೆ ಬೆಳಕು ಬಂತು, ನಿಜ. ಆ ಬೆಳಕಿನ ಬೆಲೆ ಎಲ್ಲ ಮನೆಗಳಿಗೂ ಒಂದೇ ಆಗಿರಲಿಲ್ಲ.

ಈಗ ಕಾರ್ಯಪ್ಪನವರ ಮನೆಯ ವಿಷಯಕ್ಕೆ ಬರೋಣ. ದೊಡ್ಡವರ ಜೀವನ ಹೇಳುವಾಗ ಈ ಭಾಗವನ್ನು ಬಿಟ್ಟುಬಿಡುವುದು ವಾಡಿಕೆ. ನಾವು ಬಿಡುವುದಿಲ್ಲ, ಏಕೆಂದರೆ ಇಲ್ಲಿರುವ ಅನೇಕರಿಗೆ ಅವರು ಹತ್ತಿರವಾಗುವುದು ಇಲ್ಲಿಯೇ. 1937ರಲ್ಲಿ ಅವರ ಮದುವೆಯಾಯಿತು. ವಯಸ್ಸಿನಲ್ಲಿ ಸುಮಾರು ಹದಿನೈದು ವರ್ಷಗಳ ಅಂತರ. ಪತಿಯೋ ಕೆಲಸವನ್ನೇ ಉಸಿರಾಡುವವರು. ಮುಂದಿನ ವರ್ಷ ಮಗ, ಐದು ವರ್ಷಗಳ ಮೇಲೆ ಮಗಳು. ಆ ನಡುವೆ ಎರಡನೆಯ ಮಹಾಯುದ್ಧ. 1945ರಲ್ಲಿ ದಂಪತಿಗಳು ಬೇರೆಯಾದರು. ಮೂರು ವರ್ಷಗಳಲ್ಲಿ ಆಕೆ ಅಪಘಾತವೊಂದರಲ್ಲಿ ತೀರಿಕೊಂಡರು. ಅದೇ 1948, ಕಾಶ್ಮೀರದ ಕದನದ ವರ್ಷ. ಹತ್ತು ವರ್ಷದ ಮಗ, ಐದು ವರ್ಷದ ಮಗಳು ತಾಯಿಯಿಲ್ಲದವರಾದರು. ತಂದೆಯ ತಲೆಯ ಮೇಲೆ ಇಡೀ ಒಂದು ರಣರಂಗದ ಭಾರ. ಸೈನ್ಯದ ಇತಿಹಾಸದ ಪುಸ್ತಕಗಳು ಜೋಜಿಲಾದ ಎತ್ತರವನ್ನು ಅಡಿಗಳಲ್ಲಿ ಹೇಳುತ್ತವೆ. ಈ ಇನ್ನೊಂದು ಏರುದಾರಿಗೆ ಅಳತೆಯಿಲ್ಲ.

ಮಕ್ಕಳನ್ನು ಅವರು ಮರುಮದುವೆಯಿಲ್ಲದೆ ಬೆಳೆಸಿದರು. ಕಟ್ಟುನಿಟ್ಟಿನ ತಂದೆ. ವೇಷ, ಊಟ, ಮಾತು, ಸಮಯ ಎಲ್ಲಕ್ಕೂ ನಿಯಮ. 1953ರ ಜನವರಿಯಲ್ಲಿ ನಿವೃತ್ತಿಯಾಗುವ ಮುನ್ನ ತಮ್ಮ ತವರಾದ ರಜಪೂತ ರೆಜಿಮೆಂಟಿನ ಕೇಂದ್ರಕ್ಕೆ ವಿದಾಯ ಹೇಳಲು ಹೋದಾಗ ಮಗನನ್ನೂ ಮಗಳನ್ನೂ ಜತೆಗೆ ಕರೆದೊಯ್ದರು. ಮೂವತ್ತು ವರ್ಷ ತಮ್ಮನ್ನು ಮನೆಯಿಂದ ದೂರವಿಟ್ಟದ್ದು ಯಾವುದೆಂದು ಮಕ್ಕಳಿಗೆ ಒಮ್ಮೆ ತೋರಿಸಬೇಕೆಂದು ಅವರಿಗೆ ಅನ್ನಿಸಿರಬಹುದು. ನಮ್ಮ ತಂದೆಯವರು ನಿವೃತ್ತರಾದ ಮೇಲೆ ನಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಹಲಸೂರಿನ ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸಿ, ಬೇಲಿಯ ಸಂದಿನಿಂದ ಕವಾಯತು ಮೈದಾನವನ್ನು ತೋರಿಸಿದರು. ಒಳಗೆ ಹೋಗಲು ಕೇಳಲಿಲ್ಲ. ಸುಮ್ಮನೆ ತೋರಿಸಿ, ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ ಕರೆತಂದರು. ಆಗ ನಮಗೆ ಇಡ್ಲಿಯೇ ಮುಖ್ಯವಾಗಿತ್ತು.

ಕಾರ್ಯಪ್ಪನವರ ಬಗ್ಗೆ ಸೈನಿಕರು ಹೇಳಿ ನಗುತ್ತಿದ್ದ ಒಂದು ಹಾಸ್ಯವಿದೆ. ಇಂಗ್ಲಿಷ್ ಅವರಿಗೆ ನೀರು ಕುಡಿದಂತೆ. ಹಿಂದುಸ್ತಾನಿ ಮಾತ್ರ ಅಷ್ಟಕ್ಕಷ್ಟೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಜವಾನರ ಮುಂದೆ, 'ಈಗ ದೇಶ ಸ್ವತಂತ್ರ, ನೀವೂ ಸ್ವತಂತ್ರರು' ಎಂದು ಹೇಳಹೋಗಿ, 'ಸ್ವತಂತ್ರ' ಎಂಬಲ್ಲಿ 'ಮುಫ್ತ್' ಎಂದುಬಿಟ್ಟರಂತೆ; ಅಂದರೆ ದೇಶವೂ ಪುಕ್ಕಟೆ, ನೀವೂ ಪುಕ್ಕಟೆ! ನಡೆದದ್ದೋ ಕಟ್ಟಿದ್ದೋ, ತಂದೆಯವರು ಇದನ್ನು ಪ್ರತಿ ಕ್ರಿಸ್ಮಸ್ಸಿಗೂ ಹೇಳುತ್ತಿದ್ದರು. ಪ್ರತಿ ಸಲವೂ ಮೊದಲು ನಗುತ್ತಿದ್ದವರು ಅವರೇ.

1965ನೆಯ ವರ್ಷಕ್ಕೆ ಬರುತ್ತೇವೆ. ಆಗ ನಮಗೆ ಏಳು ವರ್ಷ. ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ. ತಂದೆಯವರು ಪಂಜಾಬಿನ ಕಡೆ ಇದ್ದಾರೆ ಎಂಬುದಷ್ಟೇ ಗೊತ್ತು. ಆ ತಿಂಗಳು ಮನಿಯಾರ್ಡರು ಬರಲಿಲ್ಲ, ಕಾಗದವೂ ಬರಲಿಲ್ಲ. ನಮ್ಮ ಬೀದಿಯಲ್ಲಿ ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಸಂಜೆ ವಾರ್ತೆಯ ಹೊತ್ತಿಗೆ ತಾಯಿಯವರು ಆ ಮನೆಯ ಜಗುಲಿಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಒಳಗೆ ಕರೆದರೂ ಹೋಗುತ್ತಿರಲಿಲ್ಲ. ಅಂಚೆಯವನು ಬೀದಿಗೆ ತಿರುಗಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಟ್ಟ ಸುದ್ದಿ ತಂತಿಯಲ್ಲಿ ಬರುತ್ತದೆ, ತಂತಿ ತರುವವನೂ ಅಂಚೆಯವನೇ. ಮಳೆ ಇನ್ನೂ ಬಿಟ್ಟಿರಲಿಲ್ಲ.

ಅದೇ ದಿನಗಳಲ್ಲಿ, ಮಡಿಕೇರಿಯ ರೋಶನಾರಾ ಎಂಬ ಮನೆಯಲ್ಲಿ ಇನ್ನೊಬ್ಬ ತಂದೆಯೂ ಸುದ್ದಿಗಾಗಿ ಕಾಯುತ್ತಿದ್ದರು. ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ, ಮನೆಯವರಿಗೆ ನಂದಾ, ವಾಯುಸೇನೆಯ ಪೈಲಟ್. ಸೆಪ್ಟೆಂಬರ್ 22, ಯುದ್ಧದ ಕೊನೆಯ ದಿನ. ಅವರು ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ತಗುಲಿತು. ವಿಮಾನದಿಂದ ಹೊರಕ್ಕೆ ಹಾರಿ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡು ಶತ್ರುಗಳ ಕೈಗೆ ಸಿಕ್ಕಿದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ವಿಭಜನೆಗೆ ಮುಂಚೆ ಇದೇ ಸೈನ್ಯದಲ್ಲಿದ್ದವರು, ಕಾರ್ಯಪ್ಪನವರನ್ನು ಚೆನ್ನಾಗಿ ಬಲ್ಲವರು. ಸೆರೆಸಿಕ್ಕವನು ಯಾರ ಮಗನೆಂದು ತಿಳಿದು, ಬೇಕಾದರೆ ಆತನನ್ನು ಬಿಟ್ಟುಕೊಡುವೆವೆಂದು ತಂದೆಗೆ ಹೇಳಿಕಳುಹಿಸಿದರು. ಆ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಜವಾನರೆಲ್ಲರೂ ತಮ್ಮ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷ ಉಪಚಾರ ಬೇಡ ಎಂಬ ಅರ್ಥದ ಉತ್ತರ ಹೋಯಿತು. ಮಗ ಮನೆಗೆ ಮರಳಿದ್ದು ನಾಲ್ಕು ತಿಂಗಳ ಮೇಲೆ, 1966ರ ಜನವರಿಯಲ್ಲಿ, ಇತರರೊಂದಿಗೆ.

ಈ ಪ್ರಸಂಗವನ್ನು ನೀವು ಶಾಲೆಯ ಪಾಠದಲ್ಲಿಯೋ ಭಾಷಣದಲ್ಲಿಯೋ ಕೇಳಿರುತ್ತೀರಿ. ಕೇಳಿ ಚಪ್ಪಾಳೆ ತಟ್ಟಿರುತ್ತೀರಿ. ನಮ್ಮ ಮನೆಯಲ್ಲಿ ಮಾತ್ರ ಇದು ಜಗಳದ ವಿಷಯವಾಗಿತ್ತು. ತಂದೆಯವರು ಇದನ್ನು ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ತಾಯಿಯವರಿಗೆ ಹಿಡಿಸುತ್ತಿರಲಿಲ್ಲ. 'ಆ ಹುಡುಗನಿಗೆ ಬೆನ್ನು ಮುರಿದಿತ್ತು. ಹೆತ್ತವಳು ಇದ್ದಿದ್ದರೆ ಹೀಗೆ ಹೇಳಿಕಳುಹಿಸಲು ಬಿಡುತ್ತಿದ್ದಳೆ?' ಎಂದು ಕೇಳುತ್ತಿದ್ದರು. ತಂದೆಯವರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಒಮ್ಮೆ ಮಾತ್ರ, ಬಹಳ ಹೊತ್ತು ಸುಮ್ಮನಿದ್ದು, 'ಅವರು ಮಗನನ್ನು ಮೊದಲು ಕರೆಸಿಕೊಂಡಿದ್ದರೆ, ಆಮೇಲೆ ನಾವು ಯಾರ ಮಾತು ಕೇಳುತ್ತಿದ್ದೆವು?' ಎಂದರು.

ನಾವು ಬಹುಕಾಲ ತಾಯಿಯವರ ಪಕ್ಷದಲ್ಲಿದ್ದೆವು. ಇಂದು ಎರಡೂ ಸರಿಯೆನಿಸುತ್ತದೆ. ತಾಯಿಯವರ ಪ್ರಶ್ನೆ ಕ್ಷುಲ್ಲಕವಾದದ್ದಲ್ಲ. ಮನೆಯ ನ್ಯಾಯ ಅದು. ಆದರೆ ಅಂದು ಸೆರೆಯಲ್ಲಿದ್ದವರೆಲ್ಲರೂ ಯಾರಾದರೊಬ್ಬರ ಮಕ್ಕಳೇ; ಅವರ ತಂದೆಯರಿಗೆ ಅಧ್ಯಕ್ಷರ ಪರಿಚಯವಿರಲಿಲ್ಲ. ಸಾಗರದ ಜಗುಲಿಯ ಕಂಬಕ್ಕೆ ಒರಗಿ ನಿಂತ ಹೆಂಗಸಿನ ಗಂಡ ಸೆರೆ ಸಿಕ್ಕಿದ್ದರೆ ಯಾವ ಅಧ್ಯಕ್ಷರೂ ಆಕೆಗೆ ಹೇಳಿಕಳುಹಿಸುತ್ತಿರಲಿಲ್ಲ. ಕಾರ್ಯಪ್ಪನವರ ಉತ್ತರದಲ್ಲಿ ಆಕೆಗೂ ಒಂದು ಪಾಲಿತ್ತು. ತಾಯಿಯವರಿಗೆ ಇದನ್ನು ಹೇಳುವಷ್ಟು ತಿಳಿವಳಿಕೆ ನಮಗೆ ಬರುವ ವೇಳೆಗೆ ಅವರು ತೀರಿಹೋಗಿದ್ದರು.

ಮಗ ಏನೆಂದುಕೊಂಡರು ಎಂಬ ಪ್ರಶ್ನೆ ಉಳಿಯುತ್ತದೆ. ಬೆನ್ನು ಗುಣವಾಗಿ ಅವರು ವಾಯುಸೇನೆಯಲ್ಲಿಯೇ ಮುಂದುವರಿದು ಏರ್ ಮಾರ್ಷಲ್ ಪದವಿಗೇರಿದರು. 2007ರಲ್ಲಿ ತಂದೆಯ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು. ತನ್ನನ್ನು ಸೆರೆಯಲ್ಲಿ ಬಿಟ್ಟ ತಂದೆಯನ್ನು ಕುರಿತು ಮಗನೇ ಕುಳಿತು ಒಂದು ಗ್ರಂಥವನ್ನು ಬರೆದರೆಂಬುದೇ ನಮ್ಮ ತಾಯಿಯವರ ಪ್ರಶ್ನೆಗೆ ಅರ್ಧ ಉತ್ತರವೆಂದು ನಾವು ತಿಳಿದಿದ್ದೇವೆ. ಉಳಿದ ಅರ್ಧ ಅವರವರ ಮನೆಯದು.

ನಿವೃತ್ತಿಯ ನಂತರದ ಕಾರ್ಯಪ್ಪನವರನ್ನು ನೆನೆಯದಿದ್ದರೆ ಈ ಕೂಟದಲ್ಲಿ ಅವರ ಸ್ಮರಣೆ ಅಪೂರ್ಣವಾಗುತ್ತದೆ. 1956ರವರೆಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದು, ಅನಂತರ ಮಡಿಕೇರಿಗೆ ಬಂದು ನೆಲೆಸಿದರು. ಸೈನ್ಯ ಬಿಟ್ಟ ಸಿಪಾಯಿಯ ಗತಿ ಏನೆಂಬ ಚಿಂತೆ ಅವರಿಗೆ ಅಧಿಕಾರದಲ್ಲಿದ್ದಾಗಲೇ ಹತ್ತಿತ್ತು. ಪುನರ್ವಸತಿಗಾಗಿ ಸೇನೆಯೊಳಗೆ ಒಂದು ಪ್ರತ್ಯೇಕ ವಿಭಾಗ ಆಗುವಲ್ಲಿ ಅವರ ಕೈಯಿತ್ತು. 1964ರಲ್ಲಿ ಭಾರತೀಯ ಮಾಜಿ ಸೈನಿಕರ ಸಂಘವನ್ನು, ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಎಂಬುದನ್ನು, ಸ್ಥಾಪಿಸಿದವರು ಅವರೇ. ಸೈನಿಕನು ಮೂವತ್ತೈದು ನಲವತ್ತರ ಪ್ರಾಯದಲ್ಲಿ, ಮಕ್ಕಳಿನ್ನೂ ಶಾಲೆಯಲ್ಲಿರುವಾಗ, ಸೇನೆಯಿಂದ ಹೊರಬೀಳುತ್ತಾನೆ. ಬೇರೆ ನೌಕರರು ಅರ್ಧ ದಾರಿಯಲ್ಲಿರುವಾಗ ಇವನ ದಾರಿ ಮುಗಿದಿರುತ್ತದೆ.

ನಮ್ಮ ತಂದೆಯವರು 1969ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ನದಿಗೆ ಸೇತುವೆ ಹಾಕುತ್ತಿದ್ದವರು ಅಡಿಕೆ ಮಂಡಿಯೊಂದರಲ್ಲಿ ಕಾವಲಿಗೂ ತೂಕದ ಲೆಕ್ಕಕ್ಕೂ ನಿಂತರು. ಮಾಜಿ ಸೈನಿಕರಿಗೆ ಜಮೀನು ಸಿಗುತ್ತದೆಂದು ಯಾರೋ ಹೇಳಿದರು, ದರಖಾಸ್ತು ಹಾಕಿದರು. ಕಛೇರಿಯೊಂದರಲ್ಲಿ ಆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಹನ್ನೊಂದು ವರ್ಷ ಹಿಡಿಯಿತು. ಪ್ರತಿ ಸಲ ಹೋಗುವಾಗಲೂ ಬೂಟಿಗೆ ಪಾಲಿಶ್ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಿದ್ದರು. ಗುಮಾಸ್ತರ ಮುಂದೆ ಸಾವಧಾನದ ಭಂಗಿಯಲ್ಲಿ ನಿಲ್ಲುತ್ತಿದ್ದರು. ಒಂದು ದಿನ ಹಿಂದಿರುಗಿ ಬಂದವರು ಬೂಟು ಬಿಚ್ಚಿ, ಕಾಗದದಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಆಮೇಲೆ ಅಲ್ಲಿಗೆ ಹೋಗಲಿಲ್ಲ. ಜಮೀನೂ ಬರಲಿಲ್ಲ.

ಮನೆಯಲ್ಲಿ ಅವರೊಡನೆ ಬಾಳುವುದು ಸುಲಭವಾಗಿರಲಿಲ್ಲವೆಂದು ಹೇಳಲೇಬೇಕು. ಬೆಳಗ್ಗೆ ನಾಲ್ಕೂವರೆಗೆ ಏಳಬೇಕು, ಹಾಸಿಗೆ ಅಳತೆ ಹಿಡಿದಂತೆ ಮಡಿಸಬೇಕು, ಊಟದ ತಟ್ಟೆಯ ಮುಂದೆ ಮಾತಿಲ್ಲ. ಹದಿನೆಂಟು ವರ್ಷ ಗಂಡನಿಲ್ಲದೆ ಮನೆ ನಡೆಸಿದ ತಾಯಿಯವರಿಗೆ ಇದ್ದಕ್ಕಿದ್ದಂತೆ ಮನೆಯಲ್ಲಿ ಒಬ್ಬ ಸೇನಾಧಿಪತಿ! ಉಪ್ಪಿನ ಡಬ್ಬಿ ಎಲ್ಲಿರಬೇಕೆಂಬ ವಿಷಯದಲ್ಲಿ ನಡೆದ ಕದನಕ್ಕೆ ಕದನವಿರಾಮ ಘೋಷಿಸಲು ಆಗಿನ ನಮ್ಮ ವಿಚಾರಣಾ ಗುರುಗಳೇ ಮನೆಗೆ ಬರಬೇಕಾಯಿತು. ಗುರುಗಳು ಇಬ್ಬರ ಅಹವಾಲನ್ನೂ ಕೇಳಿ, ಕಾಫಿ ಕುಡಿದು, ಡಬ್ಬಿಯನ್ನು ತಾಯಿಯವರು ಇಡುತ್ತಿದ್ದ ಜಾಗದಲ್ಲಿಯೇ ಇಟ್ಟು ಹೋದರು. ತಂದೆಯವರು ಅದನ್ನು ಆಜ್ಞೆಯೆಂದು ಪಾಲಿಸಿದರು.

1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ನೀಡಲಾಯಿತು. ನಿವೃತ್ತರಾಗಿ ಮೂವತ್ತಮೂರು ವರ್ಷಗಳ ಮೇಲೆ ಬಂದ ಗೌರವ. ಭಾರತದಲ್ಲಿ ಆ ಪದವಿ ಪಡೆದವರು ಇಬ್ಬರೇ, ಮಾಣೆಕ್‌ಶಾ ಮತ್ತು ಇವರು. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. ಮೂರೂ ಸೇನೆಗಳ ಮುಖ್ಯಸ್ಥರೂ ಮಾಣೆಕ್‌ಶಾ ಅವರೂ ಬಂದು ನಿಂತಿದ್ದರು. ಸುದ್ದಿ ರೇಡಿಯೋದಲ್ಲಿ ಬಂದಾಗ ತಂದೆಯವರು ಎದ್ದು ಟ್ರಂಕು ತೆರೆದರು. ಕಾಗದದಲ್ಲಿ ಸುತ್ತಿದ್ದ ಬೂಟುಗಳನ್ನು ತೆಗೆದು ಪಾಲಿಶ್ ಮಾಡಿದರು. ಪದಕಗಳನ್ನು ಧರಿಸಿ, ಅಂಗಳಕ್ಕೆ ಬಂದು, ದಕ್ಷಿಣದ ಕಡೆಗೆ ತಿರುಗಿ ಒಂದು ಸಲಾಮು ಮಾಡಿ ಒಳಗೆ ಹೋದರು. ಸಂಜೆ ಜಪಸರದಲ್ಲಿ ಅಗಲಿದವರ ಹೆಸರು ಹೇಳುವಾಗ, ಅದುವರೆಗೆ ಒಪ್ಪದಿದ್ದ ತಾಯಿಯವರೇ ಆ ಹೆಸರನ್ನು ಸೇರಿಸಿದರು.

ತಂದೆಯವರು 2004ರಲ್ಲಿ ತೀರಿಕೊಂಡರು. ಟ್ರಂಕಿನ ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಹದಿನೆಂಟು ವರ್ಷಗಳ ಮನಿಯಾರ್ಡರ್ ರಸೀದಿಗಳು, ವರ್ಷವಾರು ದಾರ ಕಟ್ಟಿ ಜೋಡಿಸಿದವು. ಜತೆಗೆ ತಾಯಿಯವರು ಬರೆದ ಕಾಗದಗಳು. 1965ರ ಅಕ್ಟೋಬರಿನ ಒಂದು ಇನ್‌ಲ್ಯಾಂಡ್ ಪತ್ರದ ಅಂಚಿನಲ್ಲಿ ಅಡಿಕೆಯ ಚೊಗರು ಮೆತ್ತಿದ ಹೆಬ್ಬೆರಳಿನ ಗುರುತು ಕಪ್ಪಾಗಿ ಉಳಿದಿದೆ.

ಕೊನೆಯದಾಗಿ ಒಂದು ಬಿನ್ನಹ. ನಮ್ಮ ಧರ್ಮಕೇಂದ್ರದ ದೀಕ್ಷಾಸ್ನಾನದ ಪುಸ್ತಕವಿದೆ, ಮದುವೆಯ ಪುಸ್ತಕವಿದೆ, ಮರಣದ ಪುಸ್ತಕವಿದೆ. ಈ ನೂರು ವರ್ಷಗಳಲ್ಲಿ ಇಲ್ಲಿಂದ ಸೇನೆಗೆ ಹೋದವರ ಪುಸ್ತಕವಿಲ್ಲ. ಗುರುಗಳ ಅನುಮತಿಯಿಂದ ಇಂದು ಒಂದು ದಾಖಲೆ ಪುಸ್ತಕವನ್ನು ತೆರೆದಿಟ್ಟಿದ್ದೇವೆ. ಅದು ದೇವಾಲಯದ ಬಾಗಿಲ ಬಳಿಯ ಮೇಜಿನ ಮೇಲಿದೆ. ಹೆಸರು, ದಳ, ಸೇರಿದ ವರ್ಷ, ಹಿಂದಿರುಗಿದ ವರ್ಷ. ಹಿಂದಿರುಗದಿದ್ದರೆ ಆ ಸ್ಥಳ. ಪಕ್ಕದ ಅಂಕಣ ಹೆಂಡತಿಯ ಹೆಸರಿಗೆ. ಅದನ್ನು ಖಾಲಿ ಬಿಡಬೇಡಿ. ಹೊಸನಗರದವರೂ ತೀರ್ಥಹಳ್ಳಿಯವರೂ ತಮ್ಮ ಕಡೆಯ ಹೆಸರುಗಳನ್ನು ಬರೆಸಬೇಕು. ಬೇರೆ ಧರ್ಮದವರ ಹೆಸರಾದರೂ ಸರಿ. ಮನೆಯಲ್ಲಿ ಡಿಸ್ಚಾರ್ಜ್ ಬುಕ್ಕು ಇದ್ದರೆ ಮುಂದಿನ ಭಾನುವಾರ ತನ್ನಿ. ಕುಟುಂಬ ಪಿಂಚಣಿಯ ಕಾಗದಪತ್ರ ಸರಿಯಿಲ್ಲದ ವಿಧವೆಯರಿಗೆ ಅರ್ಜಿ ಬರೆದುಕೊಡಲು ಬಲಿಪೂಜೆಯ ಬಳಿಕ ಶಾಲೆಯ ಕೊಠಡಿಯಲ್ಲಿ ನಾವು ಕುಳಿತಿರುತ್ತೇವೆ. ಮೊದಲ ಪುಟದಲ್ಲಿ ಈಗಾಗಲೇ ಆರು ಹೆಸರುಗಳಿವೆ. ಮೂರನೆಯದು ನಮ್ಮ ತಂದೆಯವರದು.